ಅಡುಗೆಮನೆಯ ಕೆಳಗಿನ ಸುರಂಗ

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಆ ಗುಂಡಿ ಬಿತ್ತು. ಹಳೆಯ ಗಣಿ ಕಾರ್ಮಿಕರ ಭವನದ ಅಡುಗೆಮನೆಯಲ್ಲಿ ಮೂವತ್ತು ಜನರಿಗಾಗುವಷ್ಟು ಬಟಾಣಿ ಸೂಪು ಕುದಿಯುತ್ತಿತ್ತು. ಹಿತ್ತಿಲ ಬಾಗಿಲಿನಾಚೆ ಇಟ್ಟಿದ್ದ ಕಸದ ಡಬ್ಬಿ, ಯಾರೂ ಮುಟ್ಟದೆ, ದೊಡ್ಡ ಸದ್ದೂ ಇಲ್ಲದೆ ನೆಲದೊಳಗೆ ಇಳಿದುಹೋಯಿತು. ಹೊರಗೆ ಬಂದು ನೋಡಿದವರಿಗೆ ಕಂಡದ್ದು ಊಟದ ಮೇಜಿನಷ್ಟು ಅಗಲದ, ಆಳು ಮುಳುಗುವಷ್ಟು ಆಳದ ಗುಂಡಿ. ಅದರ ತಳದಲ್ಲಿ ಡಬ್ಬಿ ಮುಚ್ಚಳ ತೆರೆದುಕೊಂಡು ನಿಂತಿತ್ತು. ಮರುದಿನ ಬೌಆಮ್ಟ್‌ನವರು, ಅಂದರೆ ಊರಿನ ಕಟ್ಟಡ ಇಲಾಖೆಯವರು, ಭವನಕ್ಕೆ ಬೀಗ ಹಾಕಿದರು. ಮೂರನೆಯ ದಿನ ನಾನು ಹೋದೆ.

ಹಳೆಯ ಗಣಿಗಳ ಮೇಲಿನ ನೆಲ ಎಷ್ಟು ಗಟ್ಟಿ ಎಂದು ನೋಡುವುದು ನಮ್ಮ ಸಣ್ಣ ಕಂಪನಿಯ ಕೆಲಸ. ಜರ್ಮನಿಯ ರೂರ್ ನದಿಯ ದಕ್ಷಿಣಕ್ಕಿರುವ ಊರುಗಳಲ್ಲಿ ಕಲ್ಲಿದ್ದಲಿನ ಪದರ ನೆಲಕ್ಕೆ ತೀರ ಹತ್ತಿರ ಬರುತ್ತದೆ. ಅಲ್ಲಿ ತಲೆಮಾರುಗಟ್ಟಲೆ ಅಗೆದಿದ್ದಾರೆ, ಎಷ್ಟೋ ಕಡೆ ಅಗೆದದ್ದನ್ನು ಮರೆತಿದ್ದಾರೆ. ನಾನು ಹುಟ್ಟಿ ಬೆಳೆದದ್ದು ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ. ಅಪ್ಪ ಚಿನ್ನದ ಗಣಿಯಲ್ಲಿ ಸರ್ವೆಯವರ ಜೊತೆ ಅಳತೆಯ ಪಟ್ಟಿ ಹಿಡಿಯುತ್ತಿದ್ದರು. ಹಾಗಾಗಿ ಊರಿನ ಕೆಳಗೆ ಇನ್ನೊಂದು ಊರಿರುತ್ತದೆ ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತು. ನನ್ನ ಜೊತೆಗಿದ್ದವನು ಮೈಸೂರಿನ ಹುಡುಗ. ಯೇನಾ ವಿಶ್ವವಿದ್ಯಾಲಯದಲ್ಲಿ ಭೂಭೌತಶಾಸ್ತ್ರ ಓದಿ ನಮ್ಮಲ್ಲಿಗೆ ಬಂದಿದ್ದ. ಯಂತ್ರಗಳೆಲ್ಲ ಅವನ ಕೈಲಿ, ವರದಿಯ ಜವಾಬ್ದಾರಿ ನನ್ನದು.

ಆ ಭವನವನ್ನು ಗಣಿ ಕಾರ್ಮಿಕರು ಎರಡನೇ ಮಹಾಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ ರಜೆಯ ದಿನಗಳಲ್ಲಿ ತಾವೇ ಇಟ್ಟಿಗೆ ಹೊತ್ತು ಕಟ್ಟಿದ್ದರು. ಗಣಿ ಮುಚ್ಚಿತು, ಉಕ್ಕಿನ ಕಾರ್ಖಾನೆಯೂ ಮುಚ್ಚಿತು, ಭವನ ಮಾತ್ರ ನಡೆಯುತ್ತಿತ್ತು. ಅಲ್ಲಿ ಗಾಯನ ತಂಡ, ಹೊಲಿಗೆಯ ಗುಂಪು, ತುರ್ಕಿಯ ಹಿರಿಯರ ಚಹಾ ಮೇಜು, ವಾರಕ್ಕೊಂದು ದಿನ ಯಾರು ಬಂದರೂ ಸೂಪು. ದಕ್ಷಿಣ ವೇಲ್ಸ್‌ನ ಕಣಿವೆಯ ಒಂದು ಗಣಿ ಊರಿನ ಜೊತೆ ಈ ಊರಿಗೆ ದಶಕಗಳಿಂದ ಸೋದರ ಊರಿನ ನಂಟು. ಜೂನ್‌ನಲ್ಲಿ ಅಲ್ಲಿನ ಗಾಯನ ತಂಡ ಬಂದು ಇದೇ ಭವನದಲ್ಲಿ ಹಾಡಬೇಕಿತ್ತು.

ನನಗೆ ಸಿಕ್ಕದ್ದು ಏಳು ವಾರ, ನೆಲ ಕೊರೆದು ನೋಡಲು ಒಂಬತ್ತು ರಂಧ್ರ. ಅಷ್ಟರಲ್ಲಿ ಪೊಳ್ಳು ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ನಾನು ಬರೆದುಕೊಡಬೇಕು. ಆಗದಿದ್ದರೆ ಭವನವನ್ನು ಕೆಡವುವುದೆಂದು ಬೌಆಮ್ಟ್‌ನ ಅಧಿಕಾರಿ ಮೊದಲ ಸಭೆಯಲ್ಲೇ ಹೇಳಿದರು. ಅವರೇನೂ ಕೆಟ್ಟವರಲ್ಲ. ಜನ ತುಂಬಿದ ಸಭಾಂಗಣದ ನೆಲ ಕುಸಿದರೆ ಯಾರು ಹೊಣೆ ಎಂಬುದು ಅವರ ಪ್ರಶ್ನೆ.

ಮೊದಲು ಗೋಡೆಯ ಬಿರುಕುಗಳ ಮೇಲೆ ಗಾಜಿನ ಪಟ್ಟಿ ಅಂಟಿಸಿದೆವು. ಬಿರುಕು ಬೆಳೆದರೆ ಗಾಜು ಒಡೆಯುತ್ತದೆ. ಆಮೇಲೆ ನೆಲದೊಳಗೆ ನೋಡುವ ರಡಾರ್ ಎಳೆದೆವು. ಒದ್ದೆ ಜೇಡಿಮಣ್ಣು ಅದರ ಅಲೆಗಳನ್ನೆಲ್ಲ ನುಂಗಿಬಿಟ್ಟಿತು. ಗುರುತ್ವ ಅಳೆಯುವ ಯಂತ್ರವನ್ನು ಎರಡೆರಡು ಮೀಟರಿಗೆ ಒಮ್ಮೆ ಇಟ್ಟು ಐದು ದಿನ ಅಳೆದೆವು. ನೆಲದಡಿ ಪೊಳ್ಳಿದ್ದರೆ ಅಲ್ಲಿ ಸೆಳೆತ ಕೂದಲೆಳೆಯಷ್ಟು ಕಡಿಮೆಯಾಗುತ್ತದೆ. ಟ್ರಾಮ್ ಹೋದಾಗಲೆಲ್ಲ ಮುಳ್ಳು ಅಲುಗಿ ಲೆಕ್ಕ ಕೆಡುತ್ತಿತ್ತು. ಗಣಿ ಇಲಾಖೆಯ ದಫ್ತರದಿಂದ ಹಳೆಯ ನಕ್ಷೆಯೊಂದು ಬಂತು. ಭವನದ ಹತ್ತಿರ ಒಂದು ಸುರಂಗ ಅದರಲ್ಲಿತ್ತು. ನಕ್ಷೆಯನ್ನು ಇಂದಿನ ಊರಿನ ಮೇಲೆ ಕೂರಿಸಲು ಎರಡರಲ್ಲೂ ಇರುವ ಗುರುತುಗಳು ಬೇಕು. ಚರ್ಚಿನ ಗೋಪುರವೊಂದು, ಬೇಕರಿಯ ಮೂಲೆಯೊಂದು ಸಿಕ್ಕವು. ಗೆರೆ ಎಳೆದು, ಅದರ ಮೇಲೆ ನಾಲ್ಕು ರಂಧ್ರ ಕೊರೆಸಿದೆ.

ನಾಲ್ಕರಲ್ಲೂ ಇಪ್ಪತ್ತು ಮೀಟರಿನವರೆಗೆ ಗಟ್ಟಿ ಮರಳುಗಲ್ಲು. ನಾಲ್ಕನೆಯದರ ಕೊನೆಗೆ ಡ್ರಿಲ್ಲರ್ ಯಂತ್ರ ನಿಲ್ಲಿಸಿ ಕೈಗವಸು ಬಿಚ್ಚಿದ. "ಮೇಡಂ, ಇಂಥ ನೆಲದ ಮೇಲೆ ನಾನು ಎರಡು ಚರ್ಚು ಕಟ್ಟುತ್ತೇನೆ," ಎಂದ.

ಬೇಲಿಯಾಚೆ ದಿನವೂ ನಾಲ್ಕಾರು ಜನ ನಿಂತು ನೋಡುತ್ತಿದ್ದರು. ಅವರಲ್ಲಿ ತೊಂಬತ್ತರ ಹತ್ತಿರದ ಒಬ್ಬ ಅಜ್ಜಿ ಇದ್ದರು. ನಲವತ್ತು ವರ್ಷ ಭವನದ ಅಡುಗೆಮನೆ ನಡೆಸಿದವರು ಅವರೇ. ಕೈಯಲ್ಲಿ ಯಾವಾಗಲೂ ಕಾಫಿಯ ಫ್ಲಾಸ್ಕು. ಅಂದು ಅವರು ನನ್ನನ್ನು ಕರೆದರು.

"ಇಂಜಿನಿಯರಮ್ಮ, ನೀವು ಯಾವ ಮೂಲೆಯಿಂದ ಅಳೆಯುತ್ತಿದ್ದೀರಿ?"

"ಬೇಕರಿಯ ಮೂಲೆಯಿಂದ."

"ಯಾವ ಬೇಕರಿ? ಹಳೆಯದು ಬಾಂಬಿಗೆ ಹೋಯಿತಲ್ಲ. ಇದನ್ನು ರಸ್ತೆ ಅಗಲ ಮಾಡುವಾಗ ಹಿಂದಕ್ಕೆ ಸರಿಸಿ ಕಟ್ಟಿದ್ದು."

ಕಟ್ಟಡದ ವಯಸ್ಸು ವಿಚಾರಿಸದೆ ಅದರ ಮೂಲೆಯನ್ನು ನಂಬಿದ್ದು ನನ್ನದೇ ತಪ್ಪು. ಕೆಲಸಕ್ಕೆ ಹೊಸಬರಾದವರಿಗೆ ನಾನೇ ಹೇಳಿಕೊಡುವ ಮೊದಲ ಪಾಠ ಅದು. ಬೇರೆ ಗುರುತುಗಳನ್ನು ಹುಡುಕಿ ನಕ್ಷೆಯನ್ನು ಮತ್ತೆ ಕೂರಿಸಿದಾಗ ಸುರಂಗ ಹನ್ನೊಂದು ಮೀಟರ್ ಸರಿಯಿತು. ಐದನೆಯ ರಂಧ್ರ ನೇರ ಅದಕ್ಕೇ ಹೋಗಿ ಸೇರಿತು. ಆದರೆ ಆ ಸುರಂಗದ ತುಂಬ ಹಳಬರೇ ಕಲ್ಲು ತುಂಬಿ ಗಟ್ಟಿ ಮಾಡಿದ್ದರು. ಅದು ಸಾಗಿದ್ದೂ ಭವನದಿಂದ ದೂರಕ್ಕೆ. ಹಿತ್ತಿಲ ಗುಂಡಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಅಂದರೆ ನಕ್ಷೆಯಲ್ಲಿಲ್ಲದ ಇನ್ನೊಂದು ಪೊಳ್ಳು ಎಲ್ಲೋ ಇತ್ತು. ಅಜ್ಜಿಯನ್ನೇ ಕೇಳಿದೆ. "ಭವನ ಕಟ್ಟುವುದಕ್ಕೆ ಮೊದಲು ಈ ಹಿತ್ತಿಲಲ್ಲಿ ಏನಿತ್ತು?"

"ಕೋಳಿಗೂಡು," ಎಂದರು. ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದರು. ಹೊರಟುಹೋದರು. ಆಮೇಲೆ ನಾಲ್ಕು ದಿನ ಬೇಲಿಯ ಹತ್ತಿರ ಬರಲಿಲ್ಲ.

ಉಳಿದ ನಾಲ್ಕು ರಂಧ್ರಗಳನ್ನು ಅಂದಾಜಿನ ಮೇಲೆ ಹಾಕಿ, ಸಿಗದಿದ್ದರೆ 'ಸುರಕ್ಷಿತವೆಂದು ಹೇಳಲಾಗದು' ಎಂದು ಬರೆದು ಮುಗಿಸಿ ಎಂದು ನಮ್ಮ ಕಂಪನಿಯ ಮೇಲಧಿಕಾರಿ ಫೋನಿನಲ್ಲಿ ಹೇಳಿದರು. ಆ ವಾಕ್ಯವನ್ನು ನಾನು ಬರೆದೂ ಇಟ್ಟೆ. ಅದು ಸುಳ್ಳಾಗಿರಲಿಲ್ಲ. ಆದರೆ ಅದನ್ನು ಕಳಿಸಿದ ದಿನ ಭವನದ ಕಥೆ ಮುಗಿದ ಹಾಗೆ.

ನಮ್ಮ ತಗಡಿನ ಶೆಡ್ಡಿನಲ್ಲಿ ಮೈಸೂರಿನವನು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದ.

"ಅಕ್ಕ, ಮಾಡೆಲ್ ಪ್ರಕಾರ ಆರನೇದನ್ನ ಇಲ್ಲಿ ಹಾಕ್ಬೋದು. ಆದ್ರೆ ನಿಜ ಹೇಳ್ಲಾ? ಹಾಲ್ ಕೆಳಗೆ ಬೇಸ್‌ಮೆಂಟ್ ಇರೋದ್ರಿಂದ ಈ ಕಡೆ ಡೇಟಾ ಪೂರ್ತಿ ಕಲಸೋಗಿದೆ. ನಂಗೇ ನಂಬಿಕೆ ಇಲ್ಲ."

"ನಿನಗೇ ನಂಬಿಕಿ ಇಲ್ಲಂದ್ರ ಮಷಿನ್ ಯಾಕ ಹಚ್ಚಬೇಕು?"

"ಮತ್ತೆ ಬಾಸ್‌ಗೆ ಏನಂತೀರಾ?"

"ಎರಡು ದಿನ ಮಷಿನ್ ನಿಲ್ಲಸ್ತೀನಿ ಅಂತೀನಿ. ಈ ಊರಾಗ ಯಾರಿಗೋ ಗೊತ್ತದ. ಆ ಅಜ್ಜಿ ಹೆಂಗ ಹೊಂಟು ಹೋದ್ಲು ನೋಡಿದಿಲ್ಲ? ಕೇಳಮು."

"ಹೇಳ್ದೇ ಹೋದ್ರೆ?"

"ಹೇಳ್ದೇ ಹೋದ್ರ ಬರೆದಿಟ್ಟದ್ದನ್ನ ಕಳಿಸಮು."

ಯಂತ್ರ ನಿಂತರೂ ಬಾಡಿಗೆ ನಿಲ್ಲುವುದಿಲ್ಲ. ಮೇಲಧಿಕಾರಿಗೆ ಸಿಟ್ಟು ಬಂತು, ಆದರೂ ಎರಡು ದಿನ ಕೊಟ್ಟರು.

ಭವನಕ್ಕೆ ಬೀಗ ಬಿದ್ದ ಮೇಲೆ ಗಾಯನ ತಂಡ ಚರ್ಚಿನ ಪಕ್ಕದ ಕೋಣೆಯಲ್ಲಿ ಅಭ್ಯಾಸ ಮಾಡುತ್ತಿತ್ತು. ಮರುದಿನ ಸಂಜೆ ನಾಲ್ಕಕ್ಕೆ ಅಲ್ಲಿಗೆ ಹೋದೆವು. ಅಜ್ಜಿಯೂ ಇದ್ದರು. ಅವರ ಪಕ್ಕದಲ್ಲಿ ವೇಲ್ಸ್‌ನಿಂದ ಬಂದ ಒಬ್ಬರು ಕುಳಿತಿದ್ದರು. ಜೂನ್‌ನ ಕಾರ್ಯಕ್ರಮದ ಏರ್ಪಾಟಿಗೆಂದು ಮೊದಲೇ ಬಂದವರು. ಎಪ್ಪತ್ತರ ಆಸುಪಾಸು, ಪ್ರಾಯದಲ್ಲಿ ಗಣಿ ಕಾರ್ಮಿಕ. ಪ್ರತಿ ಸಲ ಬಂದಾಗಲೂ ಉಳಿದುಕೊಳ್ಳುತ್ತಿದ್ದದ್ದು ಅಜ್ಜಿಯ ಮನೆಯಲ್ಲೇ. ಅವರ ಜರ್ಮನ್ ಹರಕುಮುರುಕು, ಆದರೂ ಎಲ್ಲರಿಗೂ ತಿಳಿಯುತ್ತಿತ್ತು.

ಗುಂಡಿಯಿಂದ ತೆಗೆದ ಮರದ ತುಂಡೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ತೆಗೆದುಕೊಂಡು ಹೋಗಿದ್ದೆ. ಮೇಜಿನ ಮೇಲೆ ಇಟ್ಟು ಹೇಳಿದೆ. "ಹಿತ್ತಿಲ ಕೆಳಗೆ ಯಾರೋ ಅಗೆದಿದ್ದಾರೆ. ಯಾರು, ಯಾಕೆ ಎಂದು ನಾನು ಕೇಳುವುದಿಲ್ಲ. ಎಲ್ಲಿ ಎಂದು ತಿಳಿದರೆ ಸಾಕು. ತಿಳಿಯದಿದ್ದರೆ ಭವನ ಉಳಿಯುವುದಿಲ್ಲ."

ಕೆಲವರು ಹಾಡಿನ ಹಾಳೆ ಜೋಡಿಸತೊಡಗಿದರು. ವೇಲ್ಸ್‌ನವರು ಚೀಲ ಎತ್ತಿ ಬೆಳಕಿಗೆ ಹಿಡಿದರು.

"ಇದು ಗಣಿಯ ಮರವಲ್ಲ," ಎಂದರು. "ಇದು ಮಂಚದ ಕಾಲು."

ಆಮೇಲೆ ಅವರು ತಮ್ಮ ಊರಿನ ಕಥೆ ಹೇಳಿದರು. ಅವರ ಊರಿನಲ್ಲೂ ಇಂಥದೇ ಒಂದು ಭವನ. ಅವರ ಅಜ್ಜಂದಿರ ಕಾಲದಲ್ಲಿ ಪ್ರತಿ ಕಾರ್ಮಿಕನೂ ವಾರದ ಕೂಲಿಯಿಂದ ಇಷ್ಟೆಂದು ಕೊಟ್ಟು ಕಟ್ಟಿಸಿದ್ದು. ಕೆಳಗೆ ಪುಸ್ತಕಾಲಯ, ಮೇಲೆ ಹಾಡುವ ಕೋಣೆ. ಎಂಬತ್ತನಾಲ್ಕರ ದೊಡ್ಡ ಗಣಿ ಮುಷ್ಕರದ ವರ್ಷ ಹೆಂಗಸರು ಅಲ್ಲೇ ಒಲೆ ಹೂಡಿ ಇಡೀ ಬೀದಿಗೆ ಅಡುಗೆ ಮಾಡಿದ್ದರು. ಆ ಕ್ರಿಸ್ಮಸ್‌ಗೆ ಈ ಊರಿನಿಂದ ಒಂದು ಲಾರಿ ತುಂಬ ಆಹಾರ, ಮಕ್ಕಳಿಗೆ ಆಟಿಕೆ ಹೋಗಿತ್ತು. ಸೋದರ ಊರೆಂಬುದು ಅಲ್ಲಿಯವರೆಗೆ ಬರೀ ಕಾಗದದ ಮೇಲಿತ್ತು, ಆ ಲಾರಿ ಬಂದ ಮೇಲೆ ಜನರ ನಡುವೆ ಬಂತು ಎಂದರು.

"ಆ ಚಳಿಗಾಲದಲ್ಲಿ ಉರಿಸಲು ಕಲ್ಲಿದ್ದಲಿರಲಿಲ್ಲ. ಕಲ್ಲಿದ್ದಲು ತೆಗೆಯುವವರ ಮನೆಯಲ್ಲೇ ಇರಲಿಲ್ಲ. ಗುಡ್ಡದ ಬದಿಯಲ್ಲಿ ನಾವೇ ಬಿಲ ತೋಡಿದೆವು. ಕಪಾಟು, ಬಾಗಿಲು, ಮಂಚ, ಸಿಕ್ಕಿದ್ದನ್ನೆಲ್ಲ ಆಧಾರಕ್ಕೆ ಕೊಟ್ಟೆವು. ನನ್ನ ಪಕ್ಕದ ಮನೆಯವನ ಮೇಲೆ ಮಣ್ಣು ಬಿತ್ತು. ಹೊರಗೆ ಎಳೆದವನು ನಾನು. ಬಿಲ ಎಲ್ಲಿತ್ತೆಂದು ಕೇಳಿದ ಪೊಲೀಸರಿಗೆ ಬೇರೆ ಜಾಗ ತೋರಿಸಿದೆವು. ಯಾರನ್ನೂ ಹಿಡಿದುಕೊಡಬಾರದಲ್ಲ. ವರ್ಷಗಳು ಕಳೆದ ಮೇಲೆ ಅದೇ ಗುಡ್ಡದ ಬುಡದಲ್ಲಿ ಮಕ್ಕಳ ಆಟದ ಬಯಲು ಮಾಡಿದರು. ಆಗಲೂ ಬಾಯಿ ಬಿಡಲಿಲ್ಲ. ಒಂದು ದಿನ ಜೋಕಾಲಿಯ ಕಂಬ ನೆಲದೊಳಗೆ ಹೋಯಿತು. ಅದು ಬೆಳಗಿನ ಜಾವ, ಬಯಲು ಖಾಲಿ ಇತ್ತು. ನಮ್ಮ ಪುಣ್ಯ, ಅಷ್ಟೇ."

ಅವರು ಚೀಲವನ್ನು ಮೇಜಿನ ಮೇಲೆ ಇಟ್ಟರು. ಅಜ್ಜಿ ಅದನ್ನು ತಮ್ಮ ಕಡೆಗೆ ಎಳೆದುಕೊಂಡು, ಪ್ಲಾಸ್ಟಿಕ್ಕಿನ ಮೇಲಿಂದಲೇ ಮರದ ಗುಂಡನೆಯ ತುದಿಯನ್ನು ಸವರಿದರು.

"ಇದು ನಮ್ಮ ಮನೆಯದು," ಎಂದರು. "ಅಪ್ಪ ಅಮ್ಮನ ಮಂಚ."

ಯುದ್ಧ ಮುಗಿದ ಮೇಲಿನ ಚಳಿಗಾಲ ಅದು. ಅಜ್ಜಿಗೆ ಆಗ ಒಂಬತ್ತು ವರ್ಷ. ಕಲ್ಲಿದ್ದಲೆಲ್ಲ ಗೆದ್ದವರ ಸೇನೆಯ ವಶದಲ್ಲಿತ್ತು, ಮುಟ್ಟಿದರೆ ಶಿಕ್ಷೆ. ಅವರಪ್ಪ ಕೋಳಿಗೂಡಿನ ನೆಲ ಅಗೆದು ಕೆಳಗಿಳಿದರು. ಅಗೆದದ್ದನ್ನು ತವರದ ತೊಟ್ಟಿಯಲ್ಲಿ ತುಂಬಿದರೆ ಮಗಳು ಹಗ್ಗ ಕಟ್ಟಿ ಎಳೆಯುತ್ತಿದ್ದಳು. ಸಣ್ಣವಳಾದ್ದರಿಂದ ಅವಳೊಬ್ಬಳೇ ಅಲ್ಲಿ ಸಲೀಸಾಗಿ ತೆವಳಬಲ್ಲವಳು. ವಸಂತ ಬರುವ ಹೊತ್ತಿಗೆ ಒಂದು ದಿನ ಅಪ್ಪನ ಮೇಲೆ ಸೂರು ಬಿತ್ತು. ಅಪ್ಪನ ಜೊತೆ ಗಣಿಯಲ್ಲಿ ದುಡಿಯುತ್ತಿದ್ದವರು ಹೊರಗೆ ತಂದು, ತೊಳೆದು, ಶುಭ್ರ ಅಂಗಿ ಹಾಕಿ, ಅಟ್ಟದ ಏಣಿಯಿಂದ ಬಿದ್ದು ಸತ್ತ ಎಂದು ಊರಿಗೆ ಹೇಳಿದರು. ಕೆಲವು ವರ್ಷದ ನಂತರ ಅದೇ ಜನ ಅಲ್ಲಿ ಭವನ ಕಟ್ಟಿದರು.

"ಸುರಂಗದ ಬಾಯನ್ನು ಕಲ್ಲುಮಣ್ಣಿನಿಂದ ಮುಚ್ಚಿ, ಅದರ ಮೇಲೆ ಅಡುಗೆಮನೆ ಮಾಡಿದರು. ಅಲ್ಲಿ ಭಾರ ಕಡಿಮೆ ಎಂದರು. ನಲವತ್ತು ವರ್ಷ ನಾನು ಅಪ್ಪ ಸತ್ತ ಜಾಗದ ಮೇಲೆ ನಿಂತು ಸೂಪು ಮಾಡಿದೆ. ಅವರು ಏಣಿಯಿಂದ ಬಿದ್ದರೆಂದು ನನ್ನ ಮಕ್ಕಳಿಗೂ ಹೇಳಿದ್ದೇನೆ." ಚೀಲವನ್ನು ನನ್ನ ಕಡೆಗೆ ತಳ್ಳಿ, "ವರದಿಯಲ್ಲಿ ನನ್ನ ಹೆಸರು ಬೇಡ," ಎಂದರು.

"ಬರೆಯುವುದಿಲ್ಲ," ಎಂದೆ.

ಸುರಂಗ ಎಷ್ಟು ಉದ್ದವಿತ್ತು ಎಂಬುದು ಅವರಿಗೆ ಮೀಟರಿನಲ್ಲಿ ಗೊತ್ತಿರಲಿಲ್ಲ. ಗೂಡಿನ ಬಾಗಿಲಿಂದ ಒಂಬತ್ತು ಮೆಟ್ಟಿಲಿನ ಏಣಿ, ಆಮೇಲೆ ಚರ್ಚಿನ ದಿಕ್ಕಿಗೆ ನೇರ, ಒಂದು ಕಡೆ ಬಲಕ್ಕೆ ತಿರುವು. ಕತ್ತಲಿಗೆ ಹೆದರಿಕೆಯಾಗಬಾರದೆಂದು ಎಳೆಯುವಾಗ ಹಾಡುತ್ತಿದ್ದರಂತೆ. ತಿರುವಿನವರೆಗೆ ಒಂದು ಹಾಡು ಪೂರ್ತಿ, ಅಲ್ಲಿಂದ ಅಪ್ಪನವರೆಗೆ ಅರ್ಧ.

ಮೈಸೂರಿನವನು ನನ್ನ ಮುಖ ನೋಡಿದ. "ಅಕ್ಕ, ಇದನ್ನ ಅಳೀಬೋದಲ್ವಾ?"

ಮರುದಿನ ಬೆಳಿಗ್ಗೆ ಅದೇ ಕೋಣೆಯಲ್ಲಿ ಊಟದ ಮೇಜುಗಳನ್ನು ಸಾಲಾಗಿ ಜೋಡಿಸಿದೆವು. ಸುರಂಗ ಅಷ್ಟೇ ಎತ್ತರವಿತ್ತು ಎಂದು ಅಜ್ಜಿ ಹೇಳಿದ್ದರು. ಚರ್ಚಿನ ತೋಟದಿಂದ ಒಂದು ತೊಟ್ಟಿ ತಂದು ಮರಳು ತುಂಬಿದೆವು. ಮೈಸೂರಿನವನು ಆರಡಿ ಎತ್ತರ, ಅವನಿಂದಾಗುತ್ತಿರಲಿಲ್ಲ. ನಾನು ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಮೇಜಿನ ಕೆಳಗೆ ನುಗ್ಗಿದೆ. ಅಜ್ಜಿ ಕುರ್ಚಿಯಲ್ಲಿ ಕುಳಿತು ಮಕ್ಕಳ ಹಾಡೊಂದನ್ನು ಶುರುಮಾಡಿದರು. ತೊಂಬತ್ತರ ದನಿ ನಡುಗುತ್ತಿತ್ತು, ಲಯ ಮಾತ್ರ ತಪ್ಪಲಿಲ್ಲ.

"ಬೇಗ ಹೋಗುತ್ತಿದ್ದೀರಿ," ಎಂದು ಮಧ್ಯದಲ್ಲೇ ನಿಲ್ಲಿಸಿದರು. "ನಾನು ಒಂಬತ್ತು ವರ್ಷದವಳು, ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಮತ್ತೆ ಮೊದಲಿಂದ."

ಏಳು ಸಲ ತೆವಳಿದೆ. ಮೈಸೂರಿನವನು ನೆಲಕ್ಕೆ ಟೇಪು ಅಂಟಿಸಿ ಗುರುತು ಮಾಡಿದ. ಕೊನೆಯ ಸಲ ಅಜ್ಜಿ ಕಣ್ಣು ಮುಚ್ಚಿ ಹಾಡಿ, "ಹೌದು, ಹೀಗೇ," ಎಂದರು. ತಿರುವಿನವರೆಗೆ ಹನ್ನೊಂದರಿಂದ ಹದಿನಾಲ್ಕು ಮೀಟರ್. ನನ್ನ ಮೊಣಕಾಲು ಎರಡು ದಿನ ಮಡಚಲು ಬರಲಿಲ್ಲ.

ಸುರಂಗದ ಬಾಯಿ ಇದ್ದಿರಬಹುದೆಂದು ಅಜ್ಜಿ ತೋರಿಸಿದಲ್ಲಿ ಹಾಕಿದ ಆರನೆಯ ರಂಧ್ರ ತಪ್ಪಿತು. ಮೇಲೆ ಎರಡು ಮೀಟರ್ ಸಡಿಲ ಕಲ್ಲುಮಣ್ಣು ಸಿಕ್ಕಿ, ಕೆಳಗೆ ಬರೀ ಗಟ್ಟಿ. ಡ್ರಿಲ್ಲರ್ ರಾಡುಗಳನ್ನು ಬಿಚ್ಚತೊಡಗಿದ. ಅಜ್ಜಿ ಬೇಲಿಯ ಹತ್ತಿರ ನಿಂತಿದ್ದರು, ನಾನು ಆ ಕಡೆ ನೋಡಲಿಲ್ಲ. ಆದರೆ ಆ ಸಡಿಲ ಮಣ್ಣು ಹಳೆಯ ಬಾಯಿಯ ಅಂಚೇ ಆಗಿದ್ದರೆ ನಾವು ತಪ್ಪಿದ್ದು ಒಂದು ಹೆಜ್ಜೆ ಮಾತ್ರ ಎಂದು ಮೈಸೂರಿನವನು ಲೆಕ್ಕ ಹಾಕಿದ. ಏಳನೆಯದನ್ನು ಒಂದೂವರೆ ಮೀಟರ್ ಬದಿಗೆ ಸರಿಸಿ, ಅಡುಗೆಮನೆಯ ಅಡಿಗೆ ಹೋಗುವಂತೆ ಓರೆಯಾಗಿ ಕೊರೆಸಿದೆವು. ಐದು ಮೀಟರ್, ಆರು, ಏಳು. ಎಂಟಕ್ಕೆ ಸ್ವಲ್ಪ ಮೊದಲು ರಾಡು ತಾನಾಗಿಯೇ ಮುಕ್ಕಾಲು ಮೀಟರ್ ಕೆಳಗಿಳಿಯಿತು. ಕೊರೆಯಲು ಬಿಡುತ್ತಿದ್ದ ನೀರು ಮೇಲೆ ಬರುವುದು ನಿಂತುಹೋಯಿತು. ಡ್ರಿಲ್ಲರ್ ಕೈ ಎತ್ತಿ ಎಂಜಿನ್ ಆರಿಸಿದ.

"ಸಿಕ್ತು ಅಕ್ಕ!" ಎಂದು ಮೈಸೂರಿನವನು ಕೂಗಿದ್ದು ಬೇಲಿಯಾಚೆಗಿದ್ದವರಿಗೂ ಅರ್ಥವಾಯಿತು. ಅವರು ಚಪ್ಪಾಳೆ ತಟ್ಟಿದರು.

ವಿಷಗಾಳಿ ಇಲ್ಲವೆಂದು ಅಳೆದು ನೋಡಿ ಕ್ಯಾಮೆರಾ ಇಳಿಸಿದೆವು. ಕೆಸರು, ಮುರಿದ ಹಲಗೆಗಳು, ಆಧಾರಕ್ಕೆ ನಿಲ್ಲಿಸಿದ ಬಾಗಿಲ ಚೌಕಟ್ಟು. ಅದರಾಚೆ ಮಂಚದ ಇನ್ನೊಂದು ಕಾಲು, ತುದಿಯಲ್ಲಿ ಅದೇ ಗುಂಡು. ಅಜ್ಜಿ ಪರದೆಯನ್ನು ಬಹಳ ಹೊತ್ತು ನೋಡಿದರು. ಎಂಟನೆಯ ರಂಧ್ರ ದೊಡ್ಡ ಸಭಾಂಗಣದ ಗೋಡೆಯ ಕೆಳಗೆ ಗಟ್ಟಿ ಬಂಡೆ ತೋರಿಸಿತು. ಪೊಳ್ಳು ಅಡುಗೆಮನೆಯ ಆಚೆ ಹೋಗಿರಲಿಲ್ಲ. ಒಂಬತ್ತನೆಯದು ಹಾಡಿನ ಅಳತೆ ತೋರಿಸಿದ ಸುರಂಗದ ಕೊನೆಯಲ್ಲಿ, ಸೂರು ಕುಸಿದ ಜಾಗದಲ್ಲಿ ಹೋಗಬೇಕಿತ್ತು. ಅದಕ್ಕೆ ಮೊದಲು ಅಜ್ಜಿಯ ಮನೆಗೆ ಹೋಗಿ, ಇನ್ನು ಸುರಂಗಕ್ಕೆ ಸಿಮೆಂಟು ತುಂಬಿಸುತ್ತೇವೆ, ಆಮೇಲೆ ನೋಡಲಾಗದು ಎಂದು ತಿಳಿಸಿದೆ.

"ತುಂಬಿಸಿ," ಎಂದರು. "ಇಷ್ಟು ವರ್ಷ ಅದು ಖಾಲಿ ಇದ್ದದ್ದೇ ಹೆಚ್ಚು."

ಗಂಜಿಯ ಹಾಗೆ ತೆಳುವಾಗಿ ಕಲಸಿದ ಸಿಮೆಂಟನ್ನು ಮೂರು ದಿನ ಕೆಳಗೆ ಬಿಟ್ಟೆವು. ಒತ್ತಡ ಹೆಚ್ಚಾದರೆ ನೆಲವೇ ಮೇಲೇಳುತ್ತದೆ, ಹಾಗಾಗಿ ಮೆಲ್ಲಗೆ. ಮೂರನೆಯ ದಿನ ಮಧ್ಯಾಹ್ನ ಏಳನೆಯ ರಂಧ್ರದಿಂದ ಬಿಟ್ಟದ್ದು ಒಂಬತ್ತನೆಯದರ ಬಾಯಲ್ಲಿ ಉಕ್ಕಿ ಬಂತು. ಗೋಡೆಯ ಮೇಲಿನ ಗಾಜಿನ ಪಟ್ಟಿಗಳಲ್ಲಿ ಒಂದೂ ಒಡೆದಿರಲಿಲ್ಲ. 'ಸುರಕ್ಷಿತವೆಂದು ಹೇಳಲಾಗದು' ಎಂಬ ವಾಕ್ಯವನ್ನು ಅಳಿಸಿ ಹೊಸದಾಗಿ ಬರೆದೆ. ಸಭಾಂಗಣ ತೆರೆಯಬಹುದು, ಅಡುಗೆಮನೆಯ ನೆಲಕ್ಕೆ ಹೊಸ ಕಾಂಕ್ರೀಟು ಬೇಕು.

ಜೂನ್‌ನಲ್ಲಿ ವೇಲ್ಸ್‌ನಿಂದ ಎರಡು ಬಸ್ಸು ಬಂದವು. ಅಡುಗೆಮನೆ ಇನ್ನೂ ಸಿದ್ಧವಾಗಿರಲಿಲ್ಲವಾದ್ದರಿಂದ ಚಹಾ ಮೇಜಿನ ತುರ್ಕಿ ಹಿರಿಯರು ಹಿತ್ತಿಲಲ್ಲೇ ಒಲೆ ಹೂಡಿ ಊಟ ಬಡಿಸಿದರು. ನಾನೂ ಮೈಸೂರಿನವನೂ ಕೊನೆಯ ಸಾಲಿನಲ್ಲಿ ಕುಳಿತೆವು. ಎರಡು ಊರಿನ ನೂರು ಜನ ಒಟ್ಟಿಗೆ ದನಿ ಎತ್ತಿದಾಗ ಮೊದಲ ಹಾಡಿನುದ್ದಕ್ಕೂ ನಾನು ನೆಲವನ್ನೇ ನೋಡುತ್ತಿದ್ದೆ. ಎರಡನೆಯ ಹಾಡಿನಿಂದ ಹಾಡು ಕೇಳಿಸಿಕೊಂಡೆ.

ಊಟದ ಹೊತ್ತಿಗೆ ಅಜ್ಜಿ ನನ್ನ ಪಕ್ಕ ಬಂದು ಕುಳಿತರು. ಮಕ್ಕಳಿಗೆ, ಮೊಮ್ಮಕ್ಕಳಿಗೆ ಎಲ್ಲವನ್ನೂ ಹೇಳಿದೆ ಎಂದರು. ನನ್ನ ಚೀಲದಲ್ಲಿ ಗಣಿ ಇಲಾಖೆಯ ನಮೂನೆಯೊಂದಿತ್ತು. ಹೊಸದಾಗಿ ಪತ್ತೆಯಾದ ಪ್ರತಿ ಸುರಂಗಕ್ಕೂ ನಕ್ಷೆಯಲ್ಲಿ ಒಂದು ಹೆಸರು ಕೊಡಬೇಕು. ಸಾಮಾನ್ಯವಾಗಿ ಬೀದಿಯ ಹೆಸರು ಹಾಕಿಬಿಡುತ್ತೇವೆ. ಅವರನ್ನೇ ಕೇಳಿದೆ.

ಅವರು ಪೆನ್ನು ತೆಗೆದುಕೊಂಡು ಅಪ್ಪನ ಹೆಸರು ಬರೆದರು.

"ಈ ನಕ್ಷೆಯನ್ನು ಎಷ್ಟು ವರ್ಷ ಇಡುತ್ತಾರೆ?"

"ಎಸೆಯುವುದೇ ಇಲ್ಲ. ಇಲ್ಲಿ ಯಾರು ಏನು ಕಟ್ಟುವುದಿದ್ದರೂ ಮೊದಲು ಇದನ್ನು ನೋಡಲೇಬೇಕು."

"ಹಾಗಾದರೆ ಅಕ್ಷರ ಸರಿಯಾಗಿರಲಿ," ಎಂದು ಕಾಗದವನ್ನು ನನ್ನ ಕೈಯಿಂದ ಹಿಂದಕ್ಕೆ ತೆಗೆದುಕೊಂಡು, ಬರೆದದ್ದನ್ನು ಹೊಡೆದುಹಾಕಿ, ಅದರ ಕೆಳಗೆ ಒಂದೊಂದೇ ಅಕ್ಷರವನ್ನು ಬಿಡಿಸಿ ಮತ್ತೊಮ್ಮೆ ಬರೆದರು.